ಬೆರಳು ಒಂದು ಕಡೆ, ಬಾಯಿ ಒಂದು ಕಡೆ

ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಆದ ಮೊದಲ ವರ್ಷ ನಾನು ಮಾಡಿದ್ದು ಶುದ್ಧ ಗುಮಾಸ್ತಿಕೆ. ಬೆಳಿಗ್ಗೆ ವಾಟ್ಸಾಪಿಗೆ ನಮೂನೆ ಬರುತ್ತಿತ್ತು, ಸಂಜೆಯೊಳಗೆ ಕ್ಲಸ್ಟರಿನ ಎಲ್ಲ ಶಾಲೆಗಳ ಲೆಕ್ಕ ತುಂಬಿ ಕಳಿಸಬೇಕು. ಎರಡನೇ ತರಗತಿಯಲ್ಲಿ ಅಕ್ಷರ ಹಂತದಲ್ಲಿರುವವರು ಎಷ್ಟು, ಪದ ಹಂತದವರು ಎಷ್ಟು, ಸರಾಗವಾಗಿ ಓದುವವರು ಎಷ್ಟು. ಒಬ್ಬೊಬ್ಬ ಶಿಕ್ಷಕರಿಗೇ ಫೋನ್ ಮಾಡುತ್ತಿದ್ದೆ. ಆ ಕಡೆಯವರು ಬಿಸಿಯೂಟ ಬಡಿಸುತ್ತಲೇ ಒಂದು ಸಂಖ್ಯೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಹೋದ ತಿಂಗಳಿಗಿಂತ ಕಡಿಮೆಯಾಗಬಾರದು ಎಂಬ ಎಚ್ಚರ ಮಾತ್ರ ಇಬ್ಬರಿಗೂ ಇತ್ತು. ಹಾಗೆ ಹುಟ್ಟಿದ ಶೇಕಡಾವಾರು ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿ.ಆರ್.ಸಿ.), ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಪಯಣ ಬೆಳೆಸುತ್ತಿತ್ತು.

ಹಾಗಂತ ನಾನೇನೂ ಹೊಸಬನಲ್ಲ. ಅದಕ್ಕೆ ಮುಂಚೆ ಹನ್ನೊಂದು ವರ್ಷ ನಲಿಕಲಿ ತರಗತಿ ನಡೆಸಿದ್ದೆ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಕಾರ್ಡು ಹಂಚಿ, ಚಪ್ಪರಕ್ಕೆ ಅವರ ಚಿತ್ರ ತೂಗುಹಾಕಿ ಪಾಠ ಮಾಡಿದವನು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯ ಗುಟ್ಟೇ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಹತ್ತಿಸುವುದು. ಮೇಷ್ಟ್ರಾಗಿದ್ದಾಗ ಅದು ತಿಳಿದಿತ್ತು. ಬ್ಯಾಗು ಹೆಗಲಿಗೇರಿಸಿ ಬೈಕು ಹತ್ತಿದ ಮೇಲೆ ಮರೆತೇಹೋಯಿತು.

ನೆನಪಾಗಿದ್ದು ನವೆಂಬರಿನ ಒಂದು ಶಾಲಾ ಭೇಟಿಯಲ್ಲಿ. "ಇವಳನ್ನ ಓದ್ಸಿ ನೋಡಿ ಸರ್" ಎಂದು ಮೇಡಂ ಎರಡನೇ ತರಗತಿಯ ಹುಡುಗಿಯೊಬ್ಬಳನ್ನು ಮುಂದೆ ಕರೆದರು. ಎರಡು ಜಡೆ, ಕೈಗೆ ಅವಳದೇ ಪುಸ್ತಕ. ನಿಂತು ಗಟ್ಟಿಯಾಗಿ ಶುರು ಮಾಡಿದಳು. ಎಲ್ಲೂ ತಡವರಿಕೆ ಇಲ್ಲ. ನಾನು ಪೆನ್ನು ತೆಗೆದು 'ಸರಾಗ' ಎಂದು ಬರೆಯುವುದರಲ್ಲಿದ್ದೆ, ಆಗ ಅವಳ ಬೆರಳು ಕಣ್ಣಿಗೆ ಬಿತ್ತು. ಬಾಯಿ ಮೂರನೇ ಸಾಲಿನಲ್ಲಿದೆ, ಬೆರಳು ಇನ್ನೂ ಎರಡನೇ ಸಾಲಿನ ನಡುವೆ. ಮೆಲ್ಲಗೆ ನನ್ನ ಅಂಗೈಯನ್ನು ಪುಟದ ಮೇಲಿಟ್ಟೆ. ಓದು ನಿಲ್ಲಲಿಲ್ಲ. ಅಂಗೈಯ ಮೇಲೇ ಬೆರಳು ಆಡಿಸುತ್ತ ಪಾಠ ಮುಗಿಸಿಬಿಟ್ಟಳು. ಹುಡುಗರೆಲ್ಲ ನಕ್ಕರು, ಅವಳೂ ನಕ್ಕಳು. ಮೇಡಂ ಮುಖ ಮಾತ್ರ ಸಣ್ಣಗಾಯಿತು. ಹಿಂದಿನ ತಿಂಗಳ ನಮೂನೆಯಲ್ಲಿ ಆ ಮಗುವನ್ನು 'ಸರಾಗ'ದ ಪಟ್ಟಿಗೆ ಸೇರಿಸಿದವನು ನಾನೇ, ಫೋನಿನಲ್ಲಿ ಕೇಳಿ. ಆವತ್ತು ಸಂದರ್ಶನ ಪುಸ್ತಕದಲ್ಲಿ ಏನು ಬರೆಯಬೇಕೆಂದು ತೋಚದೆ ಬರೀ ಸಹಿ ಹಾಕಿ ಬಂದೆ.

ಮನೆಗೆ ಬಂದು ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಗಳ ಹಾಳೆ ತೆಗೆದೆ. 2021ರ ಜುಲೈ 5ರಂದು ಶುರುವಾದ ಈ ಯೋಜನೆ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥವಾಗುವಂತೆ ಓದಬೇಕು ಅನ್ನುತ್ತದೆ. ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದಕ್ಕೆ ಕನಿಷ್ಠ 60. ಈ ಸಂಖ್ಯೆಗಳು ನಮ್ಮೆಲ್ಲರಿಗೂ ಬಾಯಿಪಾಠ. ಆದರೆ ಅದೇ ಸಾಲಿನಲ್ಲಿ ಮಗು ಓದಬೇಕಾದ್ದು 'ಅಪರಿಚಿತ ಪಠ್ಯ' ಎಂದೂ ಇದೆ. ನಮ್ಮ ನಮೂನೆಗೆ ಇಳಿಯುವಾಗ ಸಂಖ್ಯೆ ಉಳಿದು ಆ ಪದ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಡಿಸೆಂಬರಿನಿಂದ ನಾನೇ ಪುಟ್ಟ ಪಠ್ಯಗಳನ್ನು ಬರೆಯತೊಡಗಿದೆ. ಎಂಟು ವಾಕ್ಯ, ನಲಿಕಲಿ ಏಣಿಯಲ್ಲಿ ಆ ತರಗತಿ ಮುಗಿಸಿದ ಮೈಲಿಗಲ್ಲಿನ (ಕಲಿಕೆಯ ಹಂತದ) ಅಕ್ಷರಗಳು ಮಾತ್ರ, ಕತೆ ಹೊಸದು. ಸುಲಭದ ಕೆಲಸ ಅಂದುಕೊಂಡಿದ್ದೆ. ರ, ಗ, ಸ, ದ, ಅ ಅಷ್ಟೇ ಇಟ್ಟುಕೊಂಡು ಕತೆ ಬರೆಯಲು ಕೂತರೆ ಅರಸ, ಸರ, ಗರಗಸ ಇಷ್ಟರಲ್ಲೇ ಸುತ್ತಬೇಕು. ಅರಸ ಗರಗಸ ಹಿಡಿದು ಏನು ಮಾಡಿಯಾನು? ಒಂದನೇ ತರಗತಿಗೆ ಪದಗಳೇ ಸಾಕೆಂದು ಬಿಟ್ಟು, ಎರಡು ಮತ್ತು ಮೂರಕ್ಕೆ ಮಾತ್ರ ಕತೆ ಮಾಡಿಕೊಂಡೆ. ಓದಿನ ಹಂತಗಳನ್ನು ಅಸರ್ ಎಂಬ ಸರ್ಕಾರೇತರ ಸಮೀಕ್ಷೆಯಿಂದ ಎರವಲು ಪಡೆದೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕತೆ. 2005ರಿಂದ ಅವರು ಹಳ್ಳಿಯ ಮನೆಮನೆಗೆ ಹೋಗಿ ಮಗುವನ್ನು ಓದಿಸುತ್ತಾರೆ. ಅವರ ಅಂಕಿ ನಮ್ಮದಕ್ಕಿಂತ ಯಾಕೆ ಕೆಳಗಿರುತ್ತದೆ ಎಂದು ಸಭೆಗಳಲ್ಲಿ ಸಿಟ್ಟಾಗುತ್ತಿದ್ದ ನನಗೆ, ಮಗುವಿನ ಕೈಗೆ ಹೊಸ ಹಾಳೆ ಕೊಟ್ಟ ಮೊದಲ ವಾರವೇ ಉತ್ತರ ಸಿಕ್ಕಿತು.

ಕುರ್ಚಿ ಬಿಟ್ಟು ಚಾಪೆಯ ಮೇಲೆ, ಮಗುವಿನ ಎದುರಿಗಲ್ಲ, ಪಕ್ಕಕ್ಕೆ ಕೂರಲು ಶುರು ಮಾಡಿದೆ. ಹಾಗೆ ಕೂತರೆ ಬೆರಳು ಕಾಣುತ್ತದೆ. ಮೊಬೈಲಿನ ಗಡಿಯಾರ ಓಡುತ್ತಿರುತ್ತದೆ, ಆದರೆ ಮೊಬೈಲು ಬೋರಲು. ಇನ್ನೊಂದು, ಓದಿಸುವ ಕೆಲಸವನ್ನು ಮೇಡಂಗಳಿಗೇ ಬಿಟ್ಟು ನಾನು ಬರೆದುಕೊಳ್ಳುವವನಾದೆ. ಹೊಸ ಗಂಡಸೊಬ್ಬ ಬಂದು "ಓದು" ಅಂದರೆ ಅರ್ಧ ಮಕ್ಕಳ ಗಂಟಲು ಅಲ್ಲೇ ಕಟ್ಟಿಕೊಳ್ಳುತ್ತದೆ.

ನೋಟ್‌ಬುಕ್ಕಿನಲ್ಲಿ ಸರಿ-ತಪ್ಪಿನ ಗುರುತು ಹಾಕಲಿಲ್ಲ. ಮಗು ಏನೆಂದು ಓದಿತೋ ಅದನ್ನೇ ಹಾಗೇ ಬರೆದುಕೊಂಡೆ. ಅಜ್ಜಿ 'ಅಜಿ'. ಕಣ್ಣು 'ಕಣು'. ಒಂದು ತಿಂಗಳಾದ ಮೇಲೆ ಪುಟ ತಿರುವಿದರೆ, ಎಡವಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಎಡವಿದ್ದು ಒತ್ತಕ್ಷರದಲ್ಲಿ. ಒಬ್ಬ ಹುಡುಗ 'ಸೂರ್ಯ' ಬಂದಾಗ "ಸೂಯ..." ಎಂದು ನಿಲ್ಲಿಸಿ ಅರ್ಕಾವೊತ್ತನ್ನು ಉಗುರಿನಿಂದ ಕೆರೆದ. "ಈ ಕೊಕ್ಕೆ ಯಾವ್ದು ಸಾ?" ಕೇಳಿದ್ದು ಸರಿಯೇ. ನಾಲಿಗೆಗೆ ಮೊದಲು ಬರುವ ರಕಾರ ಕಣ್ಣಿಗೆ ಕೊನೆಯಲ್ಲಿ ಬರುತ್ತದೆ. ಅವನ ಮೇಡಂ ಹಲಗೆಯ ಮೇಲೆ 'ಸೂರ್' ಒಂದು ಕಡೆ, 'ಯ' ಒಂದು ಕಡೆ ಬರೆದು, ಆಮೇಲೆ ಎರಡನ್ನೂ ಕೂಡಿಸಿ, ಕೊಕ್ಕೆ ಹೇಗೆ ಹಿಂದಕ್ಕೆ ಜಿಗಿಯಿತೆಂದು ತೋರಿಸಿದರು. ಆ ಒಂದು ವಿಧಾನವನ್ನು ಮುಂದಿನ ಸಮಾಲೋಚನಾ ಸಭೆಯಲ್ಲಿ ಅವರಿಂದಲೇ ಹೇಳಿಸಿದೆ. ಅಷ್ಟು ದಿನದ ನನ್ನ ಯಾವ ಭಾಷಣಕ್ಕೂ ಟಿಪ್ಪಣಿ ಮಾಡಿಕೊಳ್ಳದವರು ಆವತ್ತು ಪೆನ್ನು ತೆಗೆದರು.

ಇನ್ನೊಬ್ಬನದು ಬೇರೆ ಕತೆ. 'ಹಾಲು' ಅನ್ನು "ಆಲು" ಎಂದ, 'ಹಸು' "ಅಸು". ಹಳೇ ಮೈಸೂರು ಕಡೆಯ ಮನೆಮಾತು. ನಮ್ಮ ಜೊತೆ ಬಂದಿದ್ದ ಇನ್ನೊಬ್ಬರು ಎರಡನ್ನೂ ತಪ್ಪೆಂದು ಗೀಚಿದರು. "ಆಲು ಅಂದ್ರೆ ಏನೋ?" ಅಂದೆ. "ಕುಡಿಯೋದು ಸಾ, ಎಮ್ಮೆ ಕೊಡ್ತದಲ್ಲ." ಸ್ಲೇಟಿನ ಮೇಲೆ ಬರೆ ಅಂದರೆ ಹಕಾರಕ್ಕೆ ದೀರ್ಘ ಕೊಟ್ಟು ದುಂಡಗೆ 'ಹಾಲು' ಬರೆದ. ಅವನ ಓದಿನಲ್ಲಿ ಏನು ತಪ್ಪು? ಉಚ್ಚಾರಣೆಗೆ ಅಂಕ ಕಳೆಯುವುದಾದರೆ ನಮ್ಮಲ್ಲೂ ಎಷ್ಟೋ ಮಂದಿ ಫೇಲು.

ನಿಮಿಷಕ್ಕೆ ಇಷ್ಟು ಪದ ಅನ್ನುವ ಅಳತೆಯ ಬಗ್ಗೆಯೂ ಅಲ್ಲೇ ತಕರಾರು ಹುಟ್ಟಿತು. 'ಇದು ಹಸು. ಅದು ಕರು.' ನಾಲ್ಕು ಪದ, ಎಂಟು ಅಕ್ಷರ. 'ಕೊಟ್ಟಿಗೆಯೊಳಗಿಂದ ಓಡಿಬಂದುಬಿಟ್ಟಿತು.' ಎರಡು ಪದ, ಹದಿನಾಲ್ಕು ಅಕ್ಷರ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತ ಹೋಗುತ್ತದೆ, ಅದರಿಂದ ಪಠ್ಯ ಬರೆದವರ ಮರ್ಜಿಯ ಮೇಲೆ ಮಗುವಿನ ವೇಗ ಏರಿಳಿಯುತ್ತದೆ. 2022ರ ಮಾರ್ಚಿನಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆ ಎನ್.ಸಿ.ಇ.ಆರ್.ಟಿ. ಮೂರನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ 20 ಭಾಷೆಗಳಿಗೆ ಬೇರೆ ಬೇರೆ ಮಟ್ಟ ಗೊತ್ತುಮಾಡಿದ್ದು ಇಂಥ ಕಾರಣಕ್ಕೇ. ನಾನು ಮಾಡಿಕೊಂಡ ಉಪಾಯ ಸಣ್ಣದು: ಪ್ರತಿ ಹಾಳೆಯ ಹಿಂದೆ ಪದ, ಅಕ್ಷರ, ಒತ್ತಕ್ಷರ ಮೂರರ ಲೆಕ್ಕವನ್ನೂ ಬರೆದಿಡುವುದು. ಎರಡು ತಿಂಗಳ ಹಾಳೆಗಳು ಹೆಚ್ಚುಕಡಿಮೆ ಒಂದೇ ತೂಕ ಇದ್ದರೆ ಮಾತ್ರ ಎರಡನ್ನೂ ಹೋಲಿಸುತ್ತಿದ್ದೆ.

ಜನವರಿಯ ನಮೂನೆಯಲ್ಲಿ ನಮ್ಮ ಕ್ಲಸ್ಟರಿನ 'ಸರಾಗ' ಓದುಗರು ಧೊಪ್ಪನೆ ಬಿದ್ದರು. ಕರೆ ಬರಲು ಎರಡು ದಿನವೂ ಹಿಡಿಯಲಿಲ್ಲ. "ಹೋದ ತಿಂಗಳು ಓದ್ತಿದ್ದ ಮಕ್ಕಳು ಈ ತಿಂಗಳು ಎಲ್ಲಿ ಹೋದ್ರು ರೀ?" ಎಂದು ಮೇಲಿನವರು ಕೇಳಿದರು. ನೋಟ್‌ಬುಕ್ಕು ಮೇಜಿನ ಮೇಲಿಟ್ಟೆ. ನಾಲ್ಕು ಪುಟ ನೋಡಿದರು. 'ಕೊಕ್ಕೆ ಯಾವ್ದು ಸಾ' ಇದ್ದಲ್ಲಿ ಸ್ವಲ್ಪ ಹೊತ್ತು ನಿಂತರು, ಮುಗುಳ್ನಕ್ಕರು ಕೂಡ. ಆಮೇಲೆ ಮುಚ್ಚಿ ನನ್ನ ಕಡೆ ತಳ್ಳಿ, "ಈ ಸಲ ಹೀಗೇ ಇರಲಿ. ಮುಂದಿನ ಸಲ ಇಳೀಬಾರ್ದು" ಅಂದರು. ಅವರ ಮೇಲೂ ಒಬ್ಬರಿದ್ದಾರೆ, ಅವರಿಗೂ ಒಂದು ನಮೂನೆ ಇದೆ. ನನಗೆ ಕೋಪವೇನೂ ಬರಲಿಲ್ಲ. ಶಾಲೆಗಳವರಿಗೆ ಬಂತು. ಹಳೆಯ ಹೆಡ್‌ಮೇಡಂ ಒಬ್ಬರು, "ನಿಮ್ಮ ಪ್ರಾಮಾಣಿಕತೆಗೆ ನಮ್ಮ ಶಾಲೆ ಕೆಂಪು ಪಟ್ಟಿಗೆ ಹೋಯ್ತಲ್ಲ ಸರ್" ಎಂದು ಎಲ್ಲರೆದುರೇ ಕೇಳಿದರು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸಂದರ್ಶನ ಪುಸ್ತಕದಲ್ಲಿ 'ಓದು ಸುಧಾರಿಸಬೇಕು' ಎಂಬ ಸಾಲು ಬರೆಯುವುದನ್ನು ಮಾತ್ರ ಬಿಟ್ಟೆ. ಅದರ ಬದಲು 'ಮೂರು ಮಕ್ಕಳಿಗೆ ಣ-ಒತ್ತು, ಇಬ್ಬರಿಗೆ ಕೊ-ಕೋ ವ್ಯತ್ಯಾಸ, ಮುಂದಿನ ಮಂಗಳವಾರ ಮತ್ತೆ ನೋಡೋಣ' ಎಂದು ಬರೆಯುತ್ತೇನೆ, ಮಂಗಳವಾರ ಹೋಗುತ್ತೇನೆ.

ಫೆಬ್ರುವರಿಯಲ್ಲಿ ಎರಡು ಜಡೆಯ ಹುಡುಗಿಯ ಶಾಲೆಗೆ ಮತ್ತೆ ಹೋದೆ. ಈ ಸಲ ಪಠ್ಯ ಮೇಡಂ ತಾವೇ ಬರೆದಿದ್ದರು, ಕೆರೆಗೆ ಬಿದ್ದ ಎಮ್ಮೆಕರುವಿನ ಕತೆ. ಹುಡುಗಿ ಚಾಪೆಯ ಮೇಲೆ ಬಗ್ಗಿ ಕೂತು, ಪದದ ಕೆಳಗೆ ಬೆರಳಿಟ್ಟು, ಒಂದೊಂದೇ ಬಿಡಿಸಿದಳು. 'ಎಮ್ಮೆ' ಬಂದಾಗ "ಎಮೆ" ಎಂದು ಮುಂದೆ ಹೋದವಳು, ಎರಡು ಪದ ದಾಟಿ ಗಕ್ಕನೆ ನಿಂತು, ಬೆರಳು ಹಿಂದಕ್ಕೆ ತಂದು "ಎಮ್ಮೆ" ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕರು ಕೊನೆಗೆ ದಡ ಸೇರಿತಾ ಅಂದರೆ, "ಇನ್ನೂ ಅಲ್ಲೀಗಂಟ ಓದಿಲ್ಲ ಸಾ, ತಡೀರಿ" ಅಂದಳು. ಮೊಬೈಲು ತಿರುಗಿಸಿ ನೋಡಿದೆ. ಒಂದು ನಿಮಿಷಕ್ಕೆ ಹತ್ತೊಂಬತ್ತು ಪದ. ಅಕ್ಟೋಬರಿನಲ್ಲಿ ಓದದೇ 'ಸರಾಗ'ಕ್ಕೆ ಸೇರಿದ್ದ ಮಗುವನ್ನು ಆ ಸಂಜೆ ನಮೂನೆಯಲ್ಲಿ ಪದ ಹಂತಕ್ಕೆ ಇಳಿಸಿ ಬರೆದೆ.