ಹಳೇ ಇಗರ್ಜಿಯ ಹೊರಗೋಡೆಗೆ ಕೈ ಹಾಕುವ ಮುಂಚೆ

ಕರಾವಳಿಯ ಇಗರ್ಜಿಗಳವರು (ಚರ್ಚಿನವರು) ಯಾರಾದರೂ ಹೊರಗೋಡೆಯ ದುರಸ್ತಿಗೆ ಹೊರಟಿದ್ದರೆ ದಯವಿಟ್ಟು ಮೊದಲು ಬಣ್ಣ ಆರಿಸಲು ಕೂರಬೇಡಿ. ಜುಲೈನಲ್ಲಿ ಮಳೆ ಜೋರಾಗಿ ಸುರಿಯುವಾಗ ಕೊಡೆ ಹಿಡಿದು ಒಂದು ಸುತ್ತು ಹಾಕಿ. ಹೆಂಚಿನ ನೀರು ಎಲ್ಲಿ ಗೋಡೆಗೆ ಬೀಳುತ್ತದೆ, ಗಂಟೆ ಗೋಪುರದ ಯಾವ ಮೂಲೆಯಲ್ಲಿ ಪಾಚಿ ಕಟ್ಟಿದೆ, ಎಲ್ಲಾ ಫೋಟೋ ತೆಗೆದಿಡಿ. ನೀರಿನ ದಾರಿ ಸರಿ ಮಾಡದೆ ಪೇಂಟ್ ಹೊಡೆದರೆ ಮುಂದಿನ ಮಳೆಗಾಲಕ್ಕೇ ಸುಲಿಯುತ್ತದೆ, ಅದು ಜನ ಕಷ್ಟಪಟ್ಟು ಕೊಟ್ಟ ದುಡ್ಡು ಅಲ್ವಾ.

ಗೋಡೆ ಮುರಕಲ್ಲು (ಕರಾವಳಿಯ ಕೆಂಪು ಕಲ್ಲು), ಸುಣ್ಣದ ಗಾರೆಯದ್ದಾಗಿದ್ದರೆ ಮೇಲೆ ಸಿಮೆಂಟ್ ಬಳಿಯಲು ಬಿಡಲೇಬೇಡಿ. ಮುರಕಲ್ಲು ನೀರು ಹೀರುತ್ತದೆ, ಸುಣ್ಣವಿದ್ದರೆ ಆ ತೇವ ಮೆಲ್ಲಗೆ ಆರಿ ಹೋಗುತ್ತದೆ. ಸಿಮೆಂಟು, ಪ್ಲಾಸ್ಟಿಕ್ ಪೇಂಟು ಹಾಕಿದರೆ ತೇವ ಒಳಗೇ ಉಳಿದು ಗಾರೆ ಉಬ್ಬಿ ಬೀಳುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ, ಮೊದಲು ಹಿಂಬದಿ ಗೋಡೆಯಲ್ಲಿ ಸ್ವಲ್ಪ ಜಾಗಕ್ಕೆ ಮಾಡಿಸಿ ನೋಡಿ.

ಇಂಥ ದೊಡ್ಡ ಖರ್ಚಿಗೆ ಬಿಷಪರ ಲಿಖಿತ ಅನುಮತಿ ಬೇಕು, ಹಾಗಾಗಿ ಫಾದರ್ ಹತ್ತಿರ ಮಳೆಗಾಲದಲ್ಲೇ ಮಾತಾಡಿ. ಕ್ರಿಸ್‌ಮಸ್ ಕಳೆದ ಮೇಲೆ ಶುರು ಮಾಡಿ ಮೇ ಮಧ್ಯದೊಳಗೆ ಮುಗಿಸಿ. ಸಾರುವೆ ಕಟ್ಟಿರುವಾಗಲೇ ಗಂಟೆ ತೂಗುವ ಮರ, ಸಿಡಿಲು ತಡೆಯುವ ಕಂಬಿ, ಶಿಲುಬೆಯ ಬುಡ ಎಲ್ಲಾ ನೋಡಿಸಿಬಿಡಿ, ಆಮೇಲೆ ಅಷ್ಟು ಎತ್ತರ ಹತ್ತುವುದು ಸುಲಭವಲ್ಲ.