ಬಲೂನಿನಲ್ಲಿ ಅರ್ಧಾಯುಷ್ಯ ಅಳೆದ ನನ್ನ ಅನುಭವ

ವಿಕಿರಣ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು, ಅಂದರೆ ಬೇರೆ ಪರಮಾಣುಗಳಾಗಲು, ಹಿಡಿಯುವ ಸಮಯವೇ ಅರ್ಧಾಯುಷ್ಯ. ಅದನ್ನು ಅಳೆಯೋಕೆ ಅಂಥ ವಸ್ತುವನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಬಲೂನು, ಉಣ್ಣೆ ಬಟ್ಟೆ, ಗೈಗರ್ ಕೌಂಟರ್ (ವಿಕಿರಣವನ್ನು ಟಕ್ ಟಕ್ ಎಂದು ಎಣಿಸುವ ಉಪಕರಣ), ಕಿಟಕಿ ಮುಚ್ಚಿದ ಕೋಣೆ ಇದ್ದರೆ ಸಾಕು. ನಾನು ಮಾಡಿದ್ದು ಹೀಗೇ. ನೆಲಮಹಡಿಯ ಕೋಣೆಯಾದರೆ ಇನ್ನೂ ಒಳ್ಳೆಯದು.

ಇದಕ್ಕೆಲ್ಲ ಮೂಲ ರೇಡಾನ್. ಮಣ್ಣು, ಕಲ್ಲು, ಕಾಂಕ್ರೀಟಿನಲ್ಲಿ ಅಲ್ಪಸ್ವಲ್ಪ ಯುರೇನಿಯಂ-238 ಇದ್ದೇ ಇರುತ್ತದೆ. ಅದು ಹಂತಹಂತವಾಗಿ ಕ್ಷಯಿಸಿ ರೇಡಾನ್-222 ಅನಿಲವಾಗುತ್ತದೆ, ನೆಲದಿಂದ ಮೇಲೆದ್ದು ಗಾಳಿಗೆ ಸೇರುತ್ತದೆ. ರೇಡಾನ್ ಒಂದು ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗುಂಪು) ಹೊರಹಾಕಿ ಪೊಲೋನಿಯಂ-218 ಆಗುತ್ತದೆ. ಹೀಗೆ ಹುಟ್ಟಿದ ಪರಮಾಣುಗಳಲ್ಲಿ ಹೆಚ್ಚಿನವು ಧನ ವಿದ್ಯುದಂಶ ಹೊತ್ತಿರುತ್ತವೆ. ಉಣ್ಣೆಯಿಂದ ಉಜ್ಜಿದ ಬಲೂನಿನದು ಋಣ. ಅಂಟಿಕೊಳ್ಳದೆ ಇರುತ್ತವಾ?

ಮೊದಲು ಬಲೂನಿಲ್ಲದೆ ಹಿನ್ನೆಲೆ ವಿಕಿರಣ (ಸುತ್ತಮುತ್ತ ಯಾವಾಗಲೂ ಇರುವ ವಿಕಿರಣ) ಎಣಿಸಿದೆ. ನಿಮಿಷಕ್ಕೆ 20ರ ಆಸುಪಾಸು. ಆಮೇಲೆ ಬಲೂನನ್ನು ಚೆನ್ನಾಗಿ ಉಜ್ಜಿ, ಕೋಣೆಯ ನಡುವೆ ದಾರದಲ್ಲಿ ತೂಗುಹಾಕಿ, ಅರ್ಧ ಗಂಟೆಗಿಂತ ಜಾಸ್ತಿ ಬಿಟ್ಟೆ. ಬಲೂನಿನ ಗಾಳಿ ತೆಗೆದು ಕೌಂಟರಿನ ಕೊಳವೆಯ ಪಕ್ಕ ಇಟ್ಟ ತಕ್ಷಣ ಎಣಿಕೆ ಹಲವು ಪಟ್ಟು ಏರಿತು. ಆ ಟಕಟಕ ಸದ್ದು ಕೇಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ನಾವು ದಿನವೂ ಉಸಿರಾಡುವ ಗಾಳಿಯಲ್ಲಿದ್ದದ್ದೇ ಇದು. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡರಾಯಿತು.

ಮುಂದಿನ ಟಕ್ ಯಾವಾಗ ಅಂತ ಯಾರೂ ಹೇಳಲಾರರು. ಒಂದು ಪರಮಾಣು ಈಗಲೇ ಕ್ಷಯಿಸಬಹುದು, ಗಂಟೆ ಬಿಟ್ಟೂ ಕ್ಷಯಿಸಬಹುದು. ಲಕ್ಷಗಟ್ಟಲೆ ಸೇರಿದಾಗ ಮಾತ್ರ ಲೆಕ್ಕ ಹಿಡಿತಕ್ಕೆ ಸಿಗುತ್ತದೆ. ಎಣಿಕೆ 100 ಬಂದರೆ ಅದರ ವರ್ಗಮೂಲ 10, ಅಂದರೆ ಶೇಕಡಾ 10ರಷ್ಟು ಏರುಪೇರು ಸಹಜ. 1000 ಬಂದರೆ ಏರುಪೇರು ಸುಮಾರು 32, ಶೇಕಡಾ 3 ಮಾತ್ರ. ಅದಕ್ಕೇ ನಾನು ಒಂದೊಂದು ನಿಮಿಷದ ಅಂಕಿ ನಂಬದೆ, ಐದೈದು ನಿಮಿಷ ಸೇರಿಸಿ ಬರೆದುಕೊಂಡೆ. ಹಿನ್ನೆಲೆ ಎಣಿಕೆ ಕಳೆಯುವುದನ್ನು ಬಿಡಲೇಬಾರದು.

ಎಣಿಕೆ ಅರ್ಧಕ್ಕೆ ಇಳಿಯಲು ಮುಕ್ಕಾಲು ಗಂಟೆಯ ಹತ್ತಿರ ಹಿಡಿಯಿತು. ಆದರೆ ಪೊಲೋನಿಯಂ-218ರ ಅರ್ಧಾಯುಷ್ಯ ಬರೀ 3 ನಿಮಿಷ! ಅದು ಸೀಸ-214 ಆಗುತ್ತದೆ, ಅರ್ಧಾಯುಷ್ಯ 27 ನಿಮಿಷ. ಆಮೇಲೆ ಬಿಸ್ಮತ್-214, ಇದಕ್ಕೆ 20 ನಿಮಿಷ. ಯಾವುದೂ ಮುಕ್ಕಾಲು ಗಂಟೆ ಅಲ್ಲ, ಅಲ್ವಾ? ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಕೆಳಗೆ ಸೋರುವ ತೊಟ್ಟಿಗೆ ಮೇಲಿನಿಂದಲೂ ನೀರು ಬೀಳುತ್ತಿದ್ದರೆ ಮಟ್ಟ ನಿಧಾನವಾಗಿ ಇಳಿಯುತ್ತದೆ. ಹಾಗೆಯೇ ಬಿಸ್ಮತ್ ಕ್ಷಯಿಸುತ್ತಿದ್ದರೂ ಸೀಸ ಅದನ್ನು ತುಂಬುತ್ತಲೇ ಇರುತ್ತದೆ. ಲಾಗ್ ಗ್ರಾಫಿನಲ್ಲಿ (ಸಮ ಸಮಯಕ್ಕೆ ಸಮ ಪಟ್ಟು ಇಳಿಯುವುದು ನೇರ ಗೆರೆಯಾಗಿ ಕಾಣುವ ಗ್ರಾಫು) ಬರೆದರೆ ಗೆರೆ ಮೊದಲು ಬಾಗಿ, ಆಮೇಲೆ ನೇರವಾಗುತ್ತಾ 27 ನಿಮಿಷದ ಇಳಿಜಾರಿನ ಕಡೆ ಹೋಗುತ್ತದೆ. ಹಾಗಾಗಿ ಎರಡು ಗಂಟೆಗಿಂತ ಮೊದಲೇ ಎಣಿಕೆ ನಿಲ್ಲಿಸಬೇಡಿ.

ಈ ಸರಣಿಯನ್ನು ಕಾಗದದ ಮೇಲೆ ಬರೆಯೋದು ಸುಲಭ. ಆಲ್ಫಾ ಹೋದರೆ ದ್ರವ್ಯರಾಶಿ ಸಂಖ್ಯೆ (ಹೆಸರಿನ ಪಕ್ಕದ ಅಂಕಿ, ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು) 4, ಪರಮಾಣು ಸಂಖ್ಯೆ (ಪ್ರೋಟಾನ್‌ಗಳ ಸಂಖ್ಯೆ) 2 ಕಡಿಮೆ. ಬೀಟಾ ಕಣ, ಅಂದರೆ ಎಲೆಕ್ಟ್ರಾನ್, ಹೋದರೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿರುತ್ತದೆ. ದ್ರವ್ಯರಾಶಿ ಸಂಖ್ಯೆ ಹಾಗೇ ಉಳಿದು ಪರಮಾಣು ಸಂಖ್ಯೆ 1 ಜಾಸ್ತಿಯಾಗುತ್ತದೆ. ಬಿಸ್ಮತ್-214 (83) ಬೀಟಾ ಬಿಟ್ಟು ಪೊಲೋನಿಯಂ-214 (84) ಆಗುವುದು ಹೀಗೆ. ಉಜ್ಜಿದರೂ, ಮಡಚಿದರೂ, ಬಿಸಿ ಮಾಡಿದರೂ ಈ ಕ್ಷಯದ ವೇಗ ಬದಲಾಗುವುದಿಲ್ಲ. ಹೊರಗಿನ ಯಾವ ತಳ್ಳುವಿಕೆಯೂ ಅದಕ್ಕೆ ಬೇಕಿಲ್ಲ.

ಆದರೆ ನ್ಯೂಕ್ಲಿಯರ್ ಕ್ರಿಯೆಗೆ (ಹೊರಗಿನ ಕಣ ಬಡಿದು ನ್ಯೂಕ್ಲಿಯಸ್ ಬದಲಾಗುವುದಕ್ಕೆ) ಡಿಕ್ಕಿ ಬೇಕು. 1919ರಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ಪ್ರಕಟಿಸಿದ ಪ್ರಯೋಗದಲ್ಲಿ ನೈಟ್ರೋಜನ್ನಿಗೆ ಬಡಿದ ಆಲ್ಫಾ ಕಣಗಳು ಬಂದದ್ದು ಇದೇ ಪೊಲೋನಿಯಂ-214ರಿಂದ. ನೈಟ್ರೋಜನ್-14 ಮತ್ತು ಆಲ್ಫಾ 4 ಸೇರಿ 18. ಹೊರಬಂದದ್ದು ಆಕ್ಸಿಜನ್-17 ಮತ್ತು ಒಂದು ಪ್ರೋಟಾನ್, ಅದೂ 18. ಆದರೆ ಇಂಥ ಡಿಕ್ಕಿ ಬಹಳ ಅಪರೂಪ. 1925ರಲ್ಲಿ ಪ್ರಕಟವಾದ ಕೆಲಸದಲ್ಲಿ ಭೌತವಿಜ್ಞಾನಿ ಬ್ಲ್ಯಾಕೆಟ್ ಮೋಡಕೋಣೆಯಲ್ಲಿ (ಕಣ ಸಾಗಿದ ದಾರಿ ಹನಿಗಳ ಗೆರೆಯಾಗಿ ಕಾಣುವ ಪೆಟ್ಟಿಗೆ) ಸುಮಾರು 4 ಲಕ್ಷ ಆಲ್ಫಾ ಜಾಡುಗಳ ಚಿತ್ರ ತೆಗೆದಾಗ ಈ ಕ್ರಿಯೆ ಕಾಣಿಸಿದ್ದು ಬರೀ 8ರಲ್ಲಿ.