ಈ ಆಟ ಯಾರಿಗೆ? ಬೋರ್ಡ್ ಗೇಮ್ ವಿಮರ್ಶೆ ಬರೆಯುವುದು ಹೀಗೆ

ಒಳ್ಳೆಯ ಬೋರ್ಡ್ ಗೇಮ್ ಅಗ್ಗಕ್ಕೆ ಸಿಗುವುದಿಲ್ಲ. ಸಾವಿರಾರು ರೂಪಾಯಿ ಕೊಡುವ ಮುಂಚೆ ಜನ ವಿಮರ್ಶೆ ಹುಡುಕುತ್ತಾರೆ. ‘ಸೂಪರ್ ಆಟ, ಹತ್ತಕ್ಕೆ ಎಂಟು’ ಅಂತ ಓದಿದರೆ ಅವರಿಗೆ ಏನು ತಿಳಿದಂತಾಯಿತು? ವಾರವಾರ ಸೇರಿ ಹೊಸ ಆಟ ಆಡುವ ಗೆಳೆಯರಿಗೆ ಹಿಡಿಸಿದ್ದು, ಎಂಟು ವರ್ಷದ ಮಗಳು ಮತ್ತು ಎಪ್ಪತ್ತರ ಅಜ್ಜಿ ಇರುವ ಮನೆಗೆ ಹಿಡಿಸಬೇಕೆಂದೇನೂ ಇಲ್ಲ.

ಜರ್ಮನಿಯ ‘ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಕೊಡುವವರಿಗೂ ಇದು ಗೊತ್ತು. 1979ರಿಂದ ಅವರು ವರ್ಷದ ಆಟವನ್ನು ಆರಿಸುತ್ತಿದ್ದಾರೆ. 2001ರಲ್ಲಿ ಮಕ್ಕಳ ಆಟಕ್ಕೆ, 2011ರಲ್ಲಿ ಪಳಗಿದ ಆಟಗಾರರಿಗೆ ಒಪ್ಪುವ ಆಟಕ್ಕೆ ಬೇರೆ ಬೇರೆ ಪ್ರಶಸ್ತಿ ಶುರುಮಾಡಿದರು. ನೀವೂ ‘ಈ ಆಟ ಯಾರಿಗೆ?’ ಎಂಬ ಪ್ರಶ್ನೆ ಇಟ್ಟುಕೊಂಡೇ ಡಬ್ಬಿ ತೆರೆಯಿರಿ.

ಉದಾಹರಣೆಗೆ ‘ಟಿಕೆಟ್ ಟು ರೈಡ್’ ತೆಗೆದುಕೊಳ್ಳೋಣ. ಅಲನ್ ಆರ್. ಮೂನ್ ರೂಪಿಸಿದ ಈ ರೈಲಿನ ಆಟ 2004ರಲ್ಲಿ ಬಂತು, ಅದೇ ವರ್ಷ ‘ವರ್ಷದ ಆಟ’ ಪ್ರಶಸ್ತಿಯನ್ನೂ ಗೆದ್ದಿತು.

1. ನಿಯಮ ಪುಸ್ತಕ ಪೂರ್ತಿ ಓದಿ

ವಿಡಿಯೊ ಆಮೇಲೆ ನೋಡಿದರಾಯಿತು. ಡಬ್ಬಿ ಕೊಂಡವರ ಕೈಗೆ ಮೊದಲು ಸಿಗುವುದು ಪುಸ್ತಕ. ಅದನ್ನು ಓದಿಯೇ ಆಟ ಅರ್ಥವಾಗುತ್ತದೆಯೇ ಎಂಬುದನ್ನೂ ನೀವು ಹೇಳಬೇಕು. ಎಲ್ಲಿ ಗೊಂದಲವಾಯಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಮನೆಯಲ್ಲಿ ರೂಢಿಯಾದ ನಿಯಮ ಬಿಟ್ಟು, ಅಚ್ಚಾದ ನಿಯಮದಂತೆಯೇ ಆಡಿ. ಮೊನೊಪೊಲಿಯನ್ನೇ ನೋಡಿ. ಒಬ್ಬರು ಜಾಗ ಕೊಳ್ಳದಿದ್ದರೆ ಅದನ್ನು ಆಗಲೇ ಹರಾಜು ಹಾಕಬೇಕು ಅಂತ ನಿಯಮ ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟೇ ಆಡುತ್ತಾರೆ, ಆಟ ಮುಗಿಯುವುದೇ ಇಲ್ಲ ಅಂತ ಬೇಸರಪಡುತ್ತಾರೆ.

2. ಗೊತ್ತಿಲ್ಲದವರಿಗೆ ಕಲಿಸಿ

ಆಟ ಸರಳವೋ ಕಷ್ಟವೋ ಅಂತ ನೀವೊಬ್ಬರೇ ಓದಿದರೆ ತಿಳಿಯುವುದಿಲ್ಲ. ಬೇರೆಯವರಿಗೆ ಹೇಳಿಕೊಟ್ಟಾಗ ಗೊತ್ತಾಗುತ್ತದೆ. ಕಲಿಸಲು ಹಿಡಿದ ಸಮಯ ಬರೆದುಕೊಳ್ಳಿ. ಆಡಲು ಹಿಡಿದ ಸಮಯ ಬೇರೆ ಬರೆಯಿರಿ. ಡಬ್ಬಿಯ ಮೇಲಿನ ನಿಮಿಷಗಳಲ್ಲಿ ಕಲಿಸುವ ಹೊತ್ತು ಸೇರಿರುವುದಿಲ್ಲ.

ಟಿಕೆಟ್ ಟು ರೈಡ್ ಕಲಿಸುವುದು ಸುಲಭ. ಸರದಿ ಬಂದಾಗ ಮೂರರಲ್ಲಿ ಒಂದು ಕೆಲಸ ಮಾಡಬೇಕು, ಅಷ್ಟೇ: ಬಣ್ಣದ ಕಾರ್ಡ್ ತೆಗೆದುಕೊಳ್ಳುವುದು, ಕಾರ್ಡ್ ಕೊಟ್ಟು ಹಳಿಯ ಮೇಲೆ ಬೋಗಿ ಇಡುವುದು, ಇಲ್ಲವೇ ಹೊಸ ಟಿಕೆಟ್ (ಯಾವ ಎರಡು ಊರುಗಳನ್ನು ಜೋಡಿಸಬೇಕು ಅಂತ ಹೇಳುವ ಕಾರ್ಡ್) ಎತ್ತುವುದು.

3. ಬೇರೆ ಬೇರೆ ಜನರೊಂದಿಗೆ ಆಡಿ

ಕನಿಷ್ಠ ಮೂರು ಸಲವಾದರೂ ಆಡಿ, ಪ್ರತಿ ಸಲ ಜನರನ್ನು ಬದಲಿಸಿ. ಒಮ್ಮೆ ಇಬ್ಬರೇ ಆಡಿ, ಒಮ್ಮೆ ಮೇಜಿನ ತುಂಬ ಜನ ಕೂರಲಿ. ಒಂದು ಸಲ ಮಕ್ಕಳು ಮತ್ತು ಹಿರಿಯರು, ಇನ್ನೊಂದು ಸಲ ಆಟದ ಹುಚ್ಚಿರುವ ಗೆಳೆಯರು.

ಟಿಕೆಟ್ ಟು ರೈಡ್‌ನಲ್ಲಿ ಕೆಲವು ಊರುಗಳ ನಡುವೆ ಜೋಡಿ ಹಳಿಗಳಿವೆ. ಇಬ್ಬರು ಅಥವಾ ಮೂವರು ಆಡುವಾಗ ಅದರಲ್ಲಿ ಒಂದನ್ನು ಮಾತ್ರ ಬಳಸಬಹುದು. ಇಬ್ಬರೇ ಇದ್ದರೆ ನಕ್ಷೆ ವಿಶಾಲ, ಜಗಳ ಕಡಿಮೆ. ಐವರಿದ್ದರೆ ನೀವು ಕಣ್ಣಿಟ್ಟ ದಾರಿಯಲ್ಲಿ ಬೇರೆಯವರ ಬೋಗಿ ಕೂತಿರುತ್ತದೆ. ಒಂದೇ ಡಬ್ಬಿಯಲ್ಲಿ ಎರಡು ಥರದ ಆಟ ಇದ್ದ ಹಾಗೆ. ಇನ್ನು ದ್ವೀಪದಲ್ಲಿ ಮನೆ ಕಟ್ಟುವ ಆಟವಾದ ಕ್ಯಾಟಾನ್‌ನ ಮೂಲ ಡಬ್ಬಿ ಮೂರು-ನಾಲ್ಕು ಜನರಿಗೆ ಮಾತ್ರ. ಗಂಡ-ಹೆಂಡತಿ ಇಬ್ಬರೇ ಇರುವ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

4. ಗಮನಿಸಬೇಕಾದ್ದು ಏನು?

ಕಾಯುವ ಹೊತ್ತು. ಬೇರೆಯವರ ಸರದಿಯಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ ನೋಡಿ. ಮೇಜು ಬಿಟ್ಟು ಎದ್ದರೆ ಅದನ್ನೂ ಬರೆಯಿರಿ. ಪ್ಯಾಂಡೆಮಿಕ್‌ನಂಥ ಎಲ್ಲರೂ ಒಂದೇ ತಂಡವಾಗಿ ಆಡುವ ಆಟದಲ್ಲಿ ತೊಂದರೆ ಬೇರೆ ಥರ. ಚೆನ್ನಾಗಿ ಬಲ್ಲವರೊಬ್ಬರು ಎಲ್ಲರ ನಡೆಯನ್ನೂ ತಾವೇ ಹೇಳಿಬಿಡುತ್ತಾರೆ, ಉಳಿದವರು ಸುಮ್ನೆ ಕೈ ಆಡಿಸುತ್ತಾರೆ.

ಅದೃಷ್ಟ. ‘ಅದೃಷ್ಟ ಜಾಸ್ತಿ’ ಅಂದರೆ ಸಾಲದು, ಅದು ಎಲ್ಲಿ ಬರುತ್ತದೆ ಅಂತ ಹೇಳಿ. ಚೌಕಾಬಾರದಲ್ಲಿ ಕವಡೆ ಮೊದಲು ಬೀಳುತ್ತದೆ, ಯಾವ ಕಾಯಿ ನಡೆಸಬೇಕು ಅಂತ ಆಮೇಲೆ ಯೋಚಿಸುತ್ತೀರಿ. ಕ್ಯಾಟಾನ್‌ನಲ್ಲಿ ಉಲ್ಟಾ. ಮನೆ ಎಲ್ಲಿ ಕಟ್ಟಬೇಕು ಅಂತ ಮೊದಲು ಆರಿಸುತ್ತೀರಿ, ದಾಳ ಆಮೇಲೆ ತೀರ್ಪು ಕೊಡುತ್ತದೆ: ಮನೆಯ ಪಕ್ಕದ ಜಾಗದ ಮೇಲಿರುವ ಸಂಖ್ಯೆ ಬಿದ್ದರೆ ಸರಕು ಸಿಗುತ್ತದೆ. ಎರಡು ದಾಳಕ್ಕೆ 36 ಸಾಧ್ಯತೆ. 6 ಬೀಳಲು ಐದು ದಾರಿ, 8ಕ್ಕೂ ಐದು. 12ಕ್ಕೆ ಒಂದೇ ಒಂದು. ಲೆಕ್ಕ ಹಾಕಿ 8ರ ಪಕ್ಕ ಕಟ್ಟಿದರೂ ಆ ದಿನ 8 ಬೀಳದೇ ಹೋಗಬಹುದು. ಮೊದಲ ಬಗೆಯದನ್ನು ಆಟಗಾರರು ಸಹಿಸುತ್ತಾರೆ, ಎರಡನೆಯದಕ್ಕೆ ಕೆಲವರಿಗೆ ಸಿಟ್ಟು ಬರುತ್ತದೆ. ಓದುಗರು ತಮ್ಮ ಸ್ವಭಾವ ನೋಡಿಕೊಂಡು ತೀರ್ಮಾನಿಸಲಿ.

ಭಾಷೆ. ಹೊರದೇಶದ ವಿಮರ್ಶೆಗಳಲ್ಲಿ ನಮಗೆ ಇದು ಸಿಗುವುದಿಲ್ಲ, ಆದರೆ ಕನ್ನಡದ ಮನೆಗಳಿಗೆ ತುಂಬ ಮುಖ್ಯ. ಆಡುವಾಗ ಓದಬೇಕಾದ ಇಂಗ್ಲಿಷ್ ಎಷ್ಟಿದೆ? ಅಜುಲ್‌ನ ಬಿಲ್ಲೆಗಳ ಮೇಲೆ ಒಂದಕ್ಷರವೂ ಇಲ್ಲ. ಯಾರು ಬೇಕಾದರೂ ಕೂತು ಆಡಬಹುದು. ವಿಂಗ್‌ಸ್ಪ್ಯಾನ್‌ನಲ್ಲಿ 170 ಹಕ್ಕಿ ಕಾರ್ಡುಗಳು, ಓದುವ ಕೆಲಸ ಜಾಸ್ತಿ. ಪದಗಳ ಸುಳಿವು ಕೊಟ್ಟು ಆಡುವ ಕೋಡ್‌ನೇಮ್ಸ್‌ಗೆ ಇಂಗ್ಲಿಷ್ ಪದಗಳ ಒಳಾರ್ಥವೂ ಗೊತ್ತಿರಬೇಕು. ಕನ್ನಡ ಮಾತ್ರ ಓದುವ ಅಜ್ಜಿ ಹೊರಗುಳಿಯುತ್ತಾರೆ ಅಂದರೆ ಆ ಆಟವನ್ನು ‘ಇಡೀ ಕುಟುಂಬಕ್ಕೆ’ ಅಂತ ಬರೆಯಬೇಡಿ.

ಬಣ್ಣ. ಕೆಂಪು-ಹಸಿರು ಗುರುತಿಸಲು ಕಷ್ಟಪಡುವವರಿಗೆ ಆಟ ಸಾಗುತ್ತದೆಯೇ ನೋಡಿ. ಟಿಕೆಟ್ ಟು ರೈಡ್ ಕಾರ್ಡುಗಳಲ್ಲಿ ಬಣ್ಣದ ಜೊತೆ ಚಿಹ್ನೆಯೂ ಇದೆ.

5. ಬರೆಯಲು ಕೂತಾಗ

ನಿಯಮಗಳನ್ನೆಲ್ಲ ಮತ್ತೆ ಬರೆಯಬೇಡಿ. ಒಂದು ಸರದಿ ಹೇಗಿರುತ್ತದೆ ಅಂತ ನಾಲ್ಕೈದು ಸಾಲಿನಲ್ಲಿ ಹೇಳಿದರೆ ಸಾಕು. ಉಳಿದ ಜಾಗ ಅನುಭವಕ್ಕೆ. ‘ಮಜಾ ಇದೆ’ ಅಂತ ನಿಲ್ಲಿಸದೆ, ಮಜಾ ಬಂದದ್ದು ಯಾವ ಗಳಿಗೆಯಲ್ಲಿ ಅಂತ ಬರೆಯಿರಿ. ಕೊನೆಗೆ ತೀರ್ಪು, ಎರಡು ಮೇಜಿಗೆ ಬೇರೆ ಬೇರೆ. ಟಿಕೆಟ್ ಟು ರೈಡ್ ಬಗ್ಗೆ ಆದರೆ ಹೀಗೆ:

‘ಕುಟುಂಬಕ್ಕೆ: ಎಂಟು ದಾಟಿದ ಮಕ್ಕಳಿದ್ದರೆ ಧೈರ್ಯವಾಗಿ ಕೊಳ್ಳಿ. ಮುಗಿಸಲಾಗದ ಟಿಕೆಟ್‌ಗೆ ಅಂಕ ಕಳೆಯುತ್ತಾರೆ, ಚಿಕ್ಕವರು ಅಳಬಹುದು. ಮೊದಲೇ ಹೇಳಿಡಿ. ನಕ್ಷೆಯಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿವೆ, ಹುಡುಕಲು ನೆರವಾಗಿ. ಹವ್ಯಾಸಿಗಳಿಗೆ: ನಾಲ್ಕೈದು ಜನ ಸೇರಿದಾಗ ಒಬ್ಬರ ದಾರಿ ಒಬ್ಬರು ಕಟ್ಟುವ ಪೈಪೋಟಿ ಚೆನ್ನಾಗಿದೆ. ಆದರೆ ಕೊನೆಯಲ್ಲಿ ಎತ್ತಿದ ಟಿಕೆಟ್ ಆಗಲೇ ಮುಗಿದ ದಾರಿಯದ್ದಾಗಿ, ಪುಕ್ಕಟೆ ಅಂಕ ಬರುವುದೂ ಉಂಟು. ಭಾರತದ ನಕ್ಷೆ 2011ರಲ್ಲಿ ಬಂದಿದೆ, ಅದನ್ನಾಡಲು ಮೂಲ ಆಟದ ಬೋಗಿ, ಕಾರ್ಡುಗಳು ಬೇಕೇ ಬೇಕು.’

6. ಕೊನೆಯ ಎರಡು ಸಾಲು

ನೀವು ಕೊಟ್ಟ ಬೆಲೆ, ಕೊಂಡ ತಿಂಗಳು ಬರೆಯಿರಿ. ಹೊರದೇಶದಿಂದ ಬರುವ ಡಬ್ಬಿಯ ಬೆಲೆ ಬದಲಾಗುತ್ತಿರುತ್ತದೆ. ಪ್ರಕಾಶಕರು ಪುಕ್ಕಟೆ ಕಳಿಸಿದ್ದರೆ ಅದನ್ನು ಮಾತ್ರ ವಿಮರ್ಶೆಯ ಮೊದಲ ಸಾಲಿನಲ್ಲೇ ತಿಳಿಸಿ. ಎಷ್ಟು ಸಲ, ಎಷ್ಟು ಜನರೊಂದಿಗೆ ಆಡಿದಿರಿ ಅನ್ನುವುದೂ ಕೊನೆಯಲ್ಲಿರಲಿ.